ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ಪದೇ ಪದೇ ಖಾಲಿಯಾಗುವುದೇಕೆ? ನಾವು ಏನು ಮಾಡಬಹುದು?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವರು. ನನ್ನ ತಂದೆಗೆ 64 ವರ್ಷ. ಐದು ವರ್ಷಗಳಿಂದ ಬಿಪಿ ಇದೆ, ಮೂರು ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಇದೆ. ನಾಲ್ಕು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ತೆಗೆದುಕೊಳ್ಳುತ್ತೇವೆ. ಡಾಕ್ಟರು ಒಂದು ತಿಂಗಳಿಗೆ ಬರೆದರೂ ಔಷಧ ಕೊಡುವ ಕಿಟಕಿಯಲ್ಲಿ ಹತ್ತು ದಿನದ್ದು ಮಾತ್ರ ಕೊಡುತ್ತಾರೆ. ಕೆಲವು ತಿಂಗಳು ಅದೂ ಇರುವುದಿಲ್ಲ, ‘ಹೊರಗೆ ತಗೊಳ್ಳಿ’ ಎನ್ನುತ್ತಾರೆ. ವಾರದಲ್ಲಿ ಎರಡು ದಿನ ಡಾಕ್ಟರೇ ಇರುವುದಿಲ್ಲ, ಕೇಳಿದರೆ ಮೀಟಿಂಗ್ ಎನ್ನುತ್ತಾರೆ. ಮಾತ್ರೆಗಳನ್ನು ಒಳಗಿನವರೇ ಮಾರಿಕೊಳ್ಳುತ್ತಾರೆ, ಸರ್ಕಾರಿ ಮಾತ್ರೆಗೆ ಪವರ್ ಇಲ್ಲ ಎಂದು ಊರಿನಲ್ಲಿ ಮಾತಾಡುತ್ತಾರೆ. ಮಾತ್ರೆ ಇಲ್ಲದ ದಿನಗಳಲ್ಲೂ ತಂದೆಗೆ ಏನೂ ತೊಂದರೆಯಾಗಿಲ್ಲ, ಹಾಗಾಗಿ ಅವರಿಗೆ ಮಾತ್ರೆಯೇ ಬೇಡ ಎನಿಸಿದೆ. ಆಯುಷ್ಮಾನ್ ಕಾರ್ಡ್ ಇದೆಯಲ್ಲ, ಖಾಸಗಿ ಆಸ್ಪತ್ರೆಗೇ ಹೋಗೋಣ ಎಂದು ತಮ್ಮ ಹೇಳುತ್ತಾನೆ. ಆಸ್ಪತ್ರೆಗೆ ಬೀಗ ಹಾಕಿ ಪ್ರತಿಭಟಿಸೋಣ ಎಂದು ಊರಿನ ಕೆಲವರು ಹೇಳುತ್ತಿದ್ದಾರೆ. ನಾವು ಯಾವ ದಾರಿ ಹಿಡಿಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಒಂದು ನಿಮ್ಮ ತಂದೆಯ ಆರೋಗ್ಯ, ಇನ್ನೊಂದು ನಿಮ್ಮೂರಿನ ಆಸ್ಪತ್ರೆಯ ಆರೋಗ್ಯ. ಎರಡನೆಯದು ಸರಿಹೋಗಲು ತಿಂಗಳುಗಳು ಹಿಡಿಯಬಹುದು, ಮೊದಲನೆಯದಕ್ಕೆ ಅಷ್ಟು ಕಾಲಾವಕಾಶವಿಲ್ಲ. ಆದ್ದರಿಂದ ಮೊದಲು ತಂದೆಯವರ ವಿಷಯಕ್ಕೆ ಬರುತ್ತೇನೆ.

ಮಾತ್ರೆ ಇಲ್ಲದ ದಿನ ಅವರಿಗೆ ತೊಂದರೆಯಾಗಲಿಲ್ಲ ಎಂಬುದು ನಿಜವೇ ಇರಬಹುದು, ಆದರೆ ಅದರಿಂದ ಮಾತ್ರೆ ಬೇಡವೆಂದು ಅರ್ಥವಾಗುವುದಿಲ್ಲ. ರಕ್ತದೊತ್ತಡ ಹೆಚ್ಚಿದ ಬಹುಪಾಲು ಜನರಿಗೆ ತಲೆನೋವಾಗಲೀ ತಲೆಸುತ್ತಾಗಲೀ ಬರುವುದಿಲ್ಲ. ಮಾತ್ರೆ ನಿಂತ ಕೆಲವೇ ದಿನಗಳಲ್ಲಿ ಒತ್ತಡ ಸದ್ದಿಲ್ಲದೆ ಹಳೆಯ ಮಟ್ಟಕ್ಕೆ ಏರುತ್ತದೆ, ಮೆದುಳು, ಹೃದಯ, ಮೂತ್ರಪಿಂಡಗಳ ರಕ್ತನಾಳಗಳು ಆ ಹೊಡೆತವನ್ನು ತಿನ್ನುತ್ತಲೇ ಇರುತ್ತವೆ. ಪಾರ್ಶ್ವವಾಯು ಹೊಡೆದು ಗಾಡಿಯಲ್ಲಿ ಮಲಗಿಸಿ ತಂದವರ ಮನೆಯವರನ್ನು ಕೇಳಿದಾಗ ‘ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು, ಚೆನ್ನಾಗಿಯೇ ಇದ್ದರು’ ಎಂಬ ಉತ್ತರವನ್ನು ನನ್ನ ಸರ್ಕಾರಿ ವೈದ್ಯಕೀಯ ಸೇವೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಕ್ಕರೆ ಕಾಯಿಲೆಯೂ ಜೊತೆಗಿರುವುದರಿಂದ ನಿಮ್ಮ ತಂದೆಯವರಿಗೆ ಅಪಾಯ ಇನ್ನೂ ಹೆಚ್ಚು. ಆಸ್ಪತ್ರೆಯಲ್ಲಿ ಮಾತ್ರೆ ಸಿಗದ ತಿಂಗಳು ಬೇರೆಲ್ಲಿಂದಾದರೂ ತಂದು ಕೊಡಿ, ಒಂದು ದಿನವೂ ತಪ್ಪಿಸಬೇಡಿ.

ಬೇರೆಲ್ಲಿಂದ ಎಂದರೆ ಮೂರು ಜಾಗಗಳಿವೆ. ನಿಮ್ಮ ಊರಿಗೆ ಹತ್ತಿರದ ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರವಾಗಿದ್ದರೆ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ವೈದ್ಯರು ಒಮ್ಮೆ ಬರೆದುಕೊಟ್ಟ ಬಿಪಿ, ಸಕ್ಕರೆ ಮಾತ್ರೆಗಳನ್ನು ತಿಂಗಳು ತಿಂಗಳು ಮುಂದುವರಿಸಿ ಕೊಡುವುದು ಅವರ ಕೆಲಸಗಳಲ್ಲೊಂದು. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್, ಅಂದರೆ ಬಿಪಿ, ಸಕ್ಕರೆಯಂಥ ಅಸಾಂಕ್ರಾಮಿಕ ರೋಗಗಳ ವಿಭಾಗ, ಎರಡನೆಯದು. ಮೂರನೆಯದು ಜನೌಷಧಿ ಮಳಿಗೆ, ಅಲ್ಲಿ ಇದೇ ಮಾತ್ರೆಗಳು ಬ್ರಾಂಡೆಡ್ ಮಾತ್ರೆಗಳಿಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಎಲ್ಲಿಗೆ ಹೋದರೂ ಮಾತ್ರೆಯ ಬಣ್ಣ ಹೇಳಿ ಕೇಳಬೇಡಿ. ಚೀಟಿಯಲ್ಲಿ ಬಿಪಿಗೆ ಆಮ್ಲೋಡಿಪಿನ್, ಸಕ್ಕರೆಗೆ ಮೆಟ್‌ಫಾರ್ಮಿನ್ ಎಂದು ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಪ್ರಮಾಣ ಬರೆಸಿಕೊಂಡು ಹೋಗಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಸುಮಾರು ಎಪ್ಪತ್ತು ವರ್ಷದ ತಾಯಿಯೊಬ್ಬರನ್ನು ಬೆಳಿಗ್ಗೆ ಎಂಟು ಗಂಟೆಗೆ ಅರೆಪ್ರಜ್ಞೆಯಲ್ಲಿ ಕರೆತಂದರು. ಮೈಯೆಲ್ಲ ಬೆವತಿತ್ತು, ರಕ್ತದ ಸಕ್ಕರೆ ತೀರಾ ಕೆಳಗಿಳಿದಿತ್ತು. ಗ್ಲೂಕೋಸ್ ಕೊಟ್ಟು ಎಚ್ಚರವಾದ ಮೇಲೆ ಅವರ ಸೆರಗಿನ ಗಂಟು ಬಿಚ್ಚಿಸಿ ನೋಡಿದರೆ ಎರಡು ಸ್ಟ್ರಿಪ್‌ಗಳಿದ್ದವು. ಒಂದು ನಾವೇ ಕೊಟ್ಟ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ, ಇನ್ನೊಂದು ನಮ್ಮಲ್ಲಿ ಖಾಲಿಯಾಗಿದ್ದಾಗ ಪೇಟೆಯ ಡಾಕ್ಟರು ಬರೆದ ಬೇರೆ ಹೆಸರಿನ ಅದೇ ಗ್ಲಿಮೆಪಿರೈಡ್. ಬಣ್ಣ ಬೇರೆ, ಹೆಸರು ಬೇರೆ, ಆದ್ದರಿಂದ ಎರಡೂ ಬೇಕೆಂದು ಅವರು ತಿಳಿದಿದ್ದರು. ನಾಲ್ಕು ಕಡೆ ಔಷಧ ತರುವವರಿಗೆ ಇದು ಬಹಳ ಸುಲಭವಾಗಿ ಆಗುವ ಅನಾಹುತ. ತಂದೆಯವರ ಹಳೆಯ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಮುಂದಿನ ಭೇಟಿಯಲ್ಲಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಯಾವುದು ಯಾವುದಕ್ಕೆ ಎಂದು ಅವರೇ ಬೇರ್ಪಡಿಸಿ ಕೊಡಲಿ.

ಇನ್ನು ಊರಿನ ಮಾತುಗಳು. ಸರ್ಕಾರಿ ಮಾತ್ರೆಗೆ ಪವರ್ ಇಲ್ಲ ಎಂಬುದು ನಾನು ಸೇವೆಗೆ ಸೇರಿದ ದಿನದಿಂದ ಕೇಳುತ್ತಿರುವ ಮಾತು. 5 ಮಿಲಿಗ್ರಾಂ ಆಮ್ಲೋಡಿಪಿನ್ ಎಂದರೆ ಎಲ್ಲಿ ಕೊಂಡರೂ 5 ಮಿಲಿಗ್ರಾಂ ಆಮ್ಲೋಡಿಪಿನ್. ಸ್ಟ್ರಿಪ್ಪಿನ ಬಣ್ಣ, ಮಾತ್ರೆಯ ಗಾತ್ರ ಬದಲಾಗುವುದು ಟೆಂಡರ್ ಪಡೆದ ಕಂಪನಿ ಬದಲಾಗುವುದರಿಂದ. ರಾಜ್ಯದ ಆಸ್ಪತ್ರೆಗಳಿಗೆ ಔಷಧ ಖರೀದಿಸುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ, ಅಲ್ಲಿಗೆ ಬಂದ ಔಷಧದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆಯೂ ಇದೆ. ಆದರೆ ಈ ವ್ಯವಸ್ಥೆ ಎಂದೂ ಎಡವುವುದಿಲ್ಲ ಎಂದು ನಿಮಗೆ ಹೇಳಿದರೆ ಅದು ಸುಳ್ಳಾಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಗಂಭೀರ ಅನುಮಾನ ಬಂದು, ಅದರ ಬಳಕೆಯನ್ನೇ ನಿಲ್ಲಿಸಬೇಕಾಯಿತು. ಆ ತಾಯಂದಿರನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ಗುಣಮಟ್ಟದ ತಪಾಸಣೆ ಬಿಗಿಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಘಟನೆಯಿಂದ ನಿಮ್ಮ ತಂದೆಯ ಬಿಪಿ ಮಾತ್ರೆ ದುರ್ಬಲ ಎಂಬ ತೀರ್ಮಾನ ಹುಟ್ಟುವುದಿಲ್ಲ. ಅನುಮಾನವಿದ್ದರೆ ಅದನ್ನು ನೀಗಿಸಿಕೊಳ್ಳುವ ದಾರಿ ಸರಳ. ಮಾತ್ರೆಯನ್ನು ಒಂದು ತಿಂಗಳು ಬಿಡದೆ ತೆಗೆದುಕೊಂಡು ಬಿಪಿ ಅಳೆಸಿ ನೋಡಿ. ಇಳಿಯದಿದ್ದರೆ ಮಾತ್ರೆಯ ಪ್ರಮಾಣ ಸಾಲದೆ ಇರಬಹುದು, ವೈದ್ಯರು ಅದನ್ನು ಹೆಚ್ಚಿಸುತ್ತಾರೆ ಅಥವಾ ಇನ್ನೊಂದನ್ನು ಸೇರಿಸುತ್ತಾರೆ.

ಒಳಗಿನವರು ಮಾರಿಕೊಳ್ಳುತ್ತಾರೆ ಎಂಬ ಆರೋಪದ ಬಗ್ಗೆ ನನ್ನ ಅನುಭವವನ್ನು ನೇರವಾಗಿ ಹೇಳುತ್ತೇನೆ. ಕಳವು ನಡೆಯುವುದೇ ಇಲ್ಲ ಎನ್ನಲಾರೆ. ಆದರೆ ಬಿಪಿ ಮಾತ್ರೆಯನ್ನು ಸಗಟು ದರದಲ್ಲಿ ಲೆಕ್ಕ ಹಾಕಿದರೆ ಅದರಲ್ಲಿ ಕದಿಯುವಷ್ಟು ಹಣವೇ ಇಲ್ಲ, ಸರ್ಕಾರಿ ಸರಬರಾಜು ಎಂದು ಸ್ಟ್ರಿಪ್ಪಿನ ಮೇಲೆ ಅಚ್ಚಾಗಿರುವಾಗ ಕೊಳ್ಳುವವರು ಯಾರು? ನಾನು ತಾಲ್ಲೂಕು ಆರೋಗ್ಯಾಧಿಕಾರಿಯಾಗಿದ್ದಾಗ ಔಷಧ ಖಾಲಿಯಾದ ಕೇಂದ್ರಗಳ ಸ್ಟಾಕ್ ರಿಜಿಸ್ಟರ್‌ಗಳನ್ನು ಕೂತು ನೋಡಿದ್ದೇನೆ. ಬಹುತೇಕ ಕಡೆ ಕಂಡ ಕಾರಣ ಕಳ್ಳತನವಾಗಿರಲಿಲ್ಲ, ಲೆಕ್ಕದ ಒಂದು ದೋಷವಾಗಿತ್ತು. ಈ ದೋಷ ಅರ್ಥವಾದರೆ ಏನು ಮಾಡಬೇಕೆಂಬುದೂ ತಾನಾಗಿ ಅರ್ಥವಾಗುತ್ತದೆಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರತಿ ಆಸ್ಪತ್ರೆ ಮುಂದಿನ ವರ್ಷಕ್ಕೆ ಯಾವ ಔಷಧ ಎಷ್ಟು ಬೇಕೆಂದು ಇಂಡೆಂಟ್ ಅಂದರೆ ಬೇಡಿಕೆ ಪಟ್ಟಿ ಕಳಿಸುತ್ತದೆ. ಬಹಳ ಕಡೆ ಈ ಪಟ್ಟಿಯನ್ನು ತಯಾರಿಸುವುದು ಹಿಂದಿನ ವರ್ಷ ಎಷ್ಟು ಖರ್ಚಾಯಿತು ಎಂಬುದನ್ನು ನೋಡಿ. ಒಂದು ಉದಾಹರಣೆ ತೆಗೆದುಕೊಳ್ಳಿ. ನಿಮ್ಮ ಕೇಂದ್ರದಲ್ಲಿ ದಿನಕ್ಕೊಂದು ಆಮ್ಲೋಡಿಪಿನ್ ಬೇಕಾದ 240 ರೋಗಿಗಳಿದ್ದಾರೆ ಎಂದುಕೊಳ್ಳೋಣ. ತಿಂಗಳಿಗೆ 7,200 ಮಾತ್ರೆ, ವರ್ಷಕ್ಕೆ 86,400 ಮಾತ್ರೆ ಬೇಕು. ಆ ವರ್ಷ ಟೆಂಡರ್ ತಡವಾಗಿಯೋ ಕಂಪನಿಗೆ ಬಿಲ್ ಪಾವತಿಯಾಗದೆಯೋ ಏಳು ತಿಂಗಳಿಗೆ ಸಾಲುವಷ್ಟು ಮಾತ್ರ ಬಂದಿತು. ರಿಜಿಸ್ಟರಿನಲ್ಲಿ ಖರ್ಚು ಎಂದು ದಾಖಲಾಗುವುದು 50,400 ಮಾತ್ರೆ. ಬರಿಗೈಯಲ್ಲಿ ಹಿಂದಿರುಗಿದ ಐದು ತಿಂಗಳ ರೋಗಿಗಳ ಬಗ್ಗೆ ಆ ರಿಜಿಸ್ಟರಿನಲ್ಲಿ ಒಂದು ಅಕ್ಷರವೂ ಇರುವುದಿಲ್ಲ, ಏಕೆಂದರೆ ಕೊಟ್ಟಿದ್ದನ್ನು ಬರೆಯಲು ಕಾಲಂ ಇದೆ, ಕೊಡದೇ ಹೋದದ್ದನ್ನು ಬರೆಯಲು ಇಲ್ಲ. ಮುಂದಿನ ವರ್ಷದ ಇಂಡೆಂಟ್ 50,400ಕ್ಕೇ ಹೋಗುತ್ತದೆ, ಅದರಲ್ಲೂ ಮೇಲಿನವರು ಒಂದಿಷ್ಟು ಕಡಿತ ಮಾಡುತ್ತಾರೆ. ಇಷ್ಟರಲ್ಲಿ ಊರಲ್ಲಿ ಬಿಪಿ ಪರೀಕ್ಷೆ ನಡೆದು ರೋಗಿಗಳ ಸಂಖ್ಯೆ 300 ಆಗಿರುತ್ತದೆ. ಕೊರತೆ ತನ್ನನ್ನು ತಾನೇ ಮರೆಮಾಚಿಕೊಂಡು ವರ್ಷದಿಂದ ವರ್ಷಕ್ಕೆ ಬೆಳೆಯುವುದು ಹೀಗೆ. ಇರುವ ಅಲ್ಪ ದಾಸ್ತಾನನ್ನು ಎಲ್ಲರಿಗೂ ಹಂಚಬೇಕೆಂಬ ಉದ್ದೇಶದಿಂದಲೇ ಫಾರ್ಮಸಿ ಅಧಿಕಾರಿ ಮೂವತ್ತು ದಿನಕ್ಕೆ ಬರೆದದ್ದನ್ನು ಹತ್ತು ದಿನಕ್ಕೆ ಇಳಿಸುತ್ತಾರೆ. ಅದು ಕ್ರೌರ್ಯವಲ್ಲ, ಆದರೆ ಪರಿಣಾಮ ಕೆಟ್ಟದ್ದೇ. ಕೂಲಿ ಬಿಟ್ಟು ತಿಂಗಳಿಗೆ ಮೂರು ಸಲ ನಾಲ್ಕು ಕಿಲೋಮೀಟರ್ ನಡೆದು ಬರುವವರು ಎಷ್ಟು ಜನ? ನಡುವೆ ಮಾತ್ರೆ ಬಿಡುವವರೇ ಹೆಚ್ಚು.

ಇದನ್ನು ತಪ್ಪಿಸುವ ವಿಧಾನಗಳು ನಮ್ಮ ದೇಶದಲ್ಲೇ ಇವೆ. ತಮಿಳುನಾಡು 1994ರಲ್ಲಿ ತನ್ನ ವೈದ್ಯಕೀಯ ಸೇವಾ ನಿಗಮವನ್ನು ಸ್ಥಾಪಿಸಿ, ಜಿಲ್ಲಾ ಉಗ್ರಾಣಗಳಲ್ಲಿ ತಿಂಗಳುಗಟ್ಟಲೆಯ ದಾಸ್ತಾನು ಇಟ್ಟು, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಕೊಟ್ಟು, ತನ್ನ ಪಾಲಿನ ಮೊತ್ತದೊಳಗೆ ಬೇಕಾದಾಗ ಬೇಕಾದ ಔಷಧ ಪಡೆಯುವ ಪದ್ಧತಿ ತಂದಿತು. 2017ರಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಹಿಂದಿನ ಖರ್ಚನ್ನು ನೋಡದೆ ನೋಂದಾಯಿತ ರೋಗಿಗಳ ಸಂಖ್ಯೆಯಿಂದಲೇ ಮಾತ್ರೆಗಳ ಲೆಕ್ಕ ಹಾಕುವುದನ್ನೂ, ಮೂವತ್ತು ದಿನದ ಮಾತ್ರೆಯನ್ನು ಒಟ್ಟಿಗೆ ಕೊಡುವುದನ್ನೂ ರೂಢಿಗೆ ತರಲು ಯತ್ನಿಸಿತು. ಅಂದರೆ ಪರಿಹಾರ ಗೊತ್ತಿಲ್ಲದ ಸಮಸ್ಯೆಯಲ್ಲ ಇದು.

ಹಣದ ಕೊರತೆಯೂ ಇದೆ. ಸರ್ಕಾರದ ಆರೋಗ್ಯ ವೆಚ್ಚವನ್ನು 2025ರ ಹೊತ್ತಿಗೆ ಜಿಡಿಪಿಯ ಶೇ 2.5ಕ್ಕೆ ಏರಿಸಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು, 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಅದು ಶೇ 1.84. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನರು ನೇರವಾಗಿ ತಮ್ಮ ಜೇಬಿನಿಂದ ಕೊಟ್ಟಿದ್ದಾರೆ. ‘ಹೊರಗೆ ತಗೊಳ್ಳಿ’ ಎಂದಾಗ ನೀವು ಕೊಟ್ಟ ದುಡ್ಡು ಸೇರುವುದು ಈ ಬಗೆಯ ಖರ್ಚಿಗೇ.

ಡಾಕ್ಟರು ಇಲ್ಲದಿರುವ ವಿಷಯ. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಸಲಹೆ ಕೊಡಲು ನೇಮಕವಾಗಿದ್ದ ಭೋರ್ ಸಮಿತಿ 1946ರಲ್ಲಿ ತನ್ನ ತಾತ್ಕಾಲಿಕ ಯೋಜನೆಯಲ್ಲಿಯೇ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದಕ್ಕೆ ಇಬ್ಬರು ವೈದ್ಯರು ಎಂದಿತ್ತು. ಈಗ ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಕೇಂದ್ರವೆಂಬ ಮಾನದಂಡವಿದೆ, ಆದರೆ ಹೆಚ್ಚಿನ ಕೇಂದ್ರಗಳಲ್ಲಿರುವುದು ಒಬ್ಬರೇ ವೈದ್ಯರು. ಆ ಒಬ್ಬರೇ ಹೊರರೋಗಿಗಳನ್ನು ನೋಡಬೇಕು, ಗುರುವಾರದ ಲಸಿಕಾ ಕಾರ್ಯಕ್ರಮದ ಮೇಲ್ವಿಚಾರಣೆ ಮಾಡಬೇಕು, ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ವಿಶೇಷ ತಪಾಸಣೆ ನಡೆಸಬೇಕು, ಮರಣೋತ್ತರ ಪರೀಕ್ಷೆ ಮಾಡಬೇಕು, ಆ ಪರೀಕ್ಷೆಯ ಸಾಕ್ಷ್ಯ ಹೇಳಲು ನ್ಯಾಯಾಲಯಕ್ಕೆ ಹೋಗಬೇಕು, ಡೆಂಗಿ ಬಂದರೆ ಹಳ್ಳಿ ಸುತ್ತಬೇಕು, ತಾಲ್ಲೂಕು ಮತ್ತು ಜಿಲ್ಲಾ ಸಭೆಗಳಲ್ಲಿ ಅಂಕಿಅಂಶ ಒಪ್ಪಿಸಬೇಕು. ಪಕ್ಕದ ಕೇಂದ್ರದಲ್ಲಿ ಹುದ್ದೆ ಖಾಲಿ ಇದ್ದರೆ ಅದರ ಪ್ರಭಾರವೂ ಇವರ ಹೆಗಲಿಗೆ. ಹಾಗೆಂದು ಎಲ್ಲ ಗೈರುಹಾಜರಿಯನ್ನೂ ನಾನು ಸಮರ್ಥಿಸುವುದಿಲ್ಲ. ಮೀಟಿಂಗ್ ಎಂದು ಹೇಳಿ ಪೇಟೆಯ ಸ್ವಂತ ಕ್ಲಿನಿಕ್ಕಿನಲ್ಲಿ ಕೂತವರನ್ನೂ ನಾನು ಕಂಡಿದ್ದೇನೆ, ಅಂಥವರಿಗೆ ನೋಟಿಸ್ ಕೊಟ್ಟೂ ಇದ್ದೇನೆ. ಎರಡರಲ್ಲಿ ಯಾವುದೆಂದು ತಿಳಿಯಲು ಜಗಳ ಬೇಕಿಲ್ಲ. ವೈದ್ಯರು ಹೊರಗೆ ಹೋಗುವ ದಿನಗಳನ್ನು, ಅಂದು ರೋಗಿಗಳನ್ನು ಯಾರು ನೋಡುತ್ತಾರೆ ಎಂಬುದನ್ನು ಫಲಕದಲ್ಲಿ ಬರೆದು ಹಾಕುವಂತೆ ಕೇಳಿ. ಪ್ರಾಮಾಣಿಕ ವೈದ್ಯರು ಇದಕ್ಕೆ ಸಂತೋಷದಿಂದ ಒಪ್ಪುತ್ತಾರೆ, ಅವರಿಗೂ ಬೈಗುಳ ತಪ್ಪುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಒಳರೋಗಿಯಾಗಿ ದಾಖಲಾಗುವ ಚಿಕಿತ್ಸೆಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅದರ ನೆರವಿದೆ, ಆದರೆ ಪ್ರತಿದಿನದ ಬಿಪಿ ಮಾತ್ರೆಗೆ, ಖಾಸಗಿ ವೈದ್ಯರ ಸಲಹಾ ಶುಲ್ಕಕ್ಕೆ ಅದು ಬರುವುದಿಲ್ಲ. ತುರ್ತು ಸ್ಥಿತಿಯನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ಬಳಸಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆದ್ದರಿಂದ ತಮ್ಮನ ಸಲಹೆಯಂತೆ ಹೋದರೆ ಪ್ರತಿ ತಿಂಗಳ ಖರ್ಚು ಪೂರ್ತಿ ನಿಮ್ಮದೇ ಆಗುತ್ತದೆ. ಇನ್ನೊಂದು ನಷ್ಟವೂ ಇದೆ: ನಿಮ್ಮ ತಂದೆಯ ಹೆಸರು ಆಸ್ಪತ್ರೆಯ ಎನ್‌ಸಿಡಿ ಪಟ್ಟಿಯಿಂದ ಸರಿದುಹೋದರೆ ಮುಂದಿನ ಲೆಕ್ಕದಲ್ಲಿ ಒಬ್ಬ ರೋಗಿ ಕಡಿಮೆಯಾಗುತ್ತಾರೆ. ಶಕ್ತಿಯಿದ್ದು ಖಾಸಗಿ ವೈದ್ಯರಲ್ಲೇ ನಂಬಿಕೆಯಿದ್ದರೆ ಹೋಗಿ, ತಪ್ಪೇನಿಲ್ಲ, ಆದರೆ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕಾರ್ಡನ್ನು ಬಿಡಬೇಡಿ.

ಬೀಗ ಹಾಕುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಬೀಗ ಬಿದ್ದ ರಾತ್ರಿ ಹೆರಿಗೆ ನೋವು ಬಂದವರೋ ಹಾವು ಕಚ್ಚಿಸಿಕೊಂಡವರೋ ಬಂದರೆ ಬಾಗಿಲಲ್ಲಿ ನಿಲ್ಲುವವರು ನಿಮ್ಮೂರಿನವರೇ. ಬೀಗದ ಪ್ರತಿಭಟನೆಗೆ ಸಿಗುವ ತಕ್ಷಣದ ಫಲವೆಂದರೆ ವೈದ್ಯರ ವರ್ಗಾವಣೆ. ನಾನಿದ್ದ ತಾಲ್ಲೂಕಿನ ಒಂದು ಕೇಂದ್ರದಲ್ಲಿ ಹೀಗೆಯೇ ಆಯಿತು. ವೈದ್ಯರು ಹೋದರು, ಹುದ್ದೆ ಹನ್ನೊಂದು ತಿಂಗಳು ಖಾಲಿ ಉಳಿಯಿತು, ಆಮೇಲೆ ಕಡ್ಡಾಯ ಸೇವೆಯ ಮೇಲೆ ಒಂದು ವರ್ಷಕ್ಕೆಂದು ಬಂದ ಹುಡುಗ ಇಂಡೆಂಟ್ ಎಂದರೇನೆಂದು ಕಲಿಯುವಷ್ಟರಲ್ಲಿ ಅವನ ಅವಧಿ ಮುಗಿಯಿತು. ಮಾತ್ರೆ ಮಾತ್ರ ಬರಲಿಲ್ಲ, ಏಕೆಂದರೆ ಬೀಗ ಬಿದ್ದದ್ದು ಆಸ್ಪತ್ರೆಗೆ, ತಪ್ಪಿದ್ದದ್ದು ಲೆಕ್ಕದಲ್ಲಿ.

ನಾನು ಹೇಳುವ ದಾರಿ ಬೇರೆ. ‘ಇಲ್ಲ’ ಎಂಬ ಮಾತನ್ನು ಕಾಗದದ ಮೇಲೆ ತರಿಸಿ. ಮಾತ್ರೆ ಸಿಗದ ದಿನ ಒಪಿಡಿ ಚೀಟಿಯ ಮೇಲೆ ‘ದಾಸ್ತಾನು ಇಲ್ಲ’ ಎಂದು ತಾರೀಕು ಸಹಿತ ಬರೆದುಕೊಡುವಂತೆ ಫಾರ್ಮಸಿ ಅಧಿಕಾರಿಯನ್ನು ವಿನಯದಿಂದ ಕೇಳಿ. ಹತ್ತು ದಿನದ್ದು ಕೊಟ್ಟರೆ ‘ಬೇಕಾದದ್ದು 30, ಕೊಟ್ಟದ್ದು 10’ ಎಂದು ಬರೆಯಲಿ. ನಿಮ್ಮ ಆಶಾ ಕಾರ್ಯಕರ್ತೆಗೆ ತನ್ನ ವ್ಯಾಪ್ತಿಯ ಬಿಪಿ, ಸಕ್ಕರೆ ರೋಗಿಗಳ ಹೆಸರುಗಳು ಗೊತ್ತಿರುತ್ತವೆ. ಅವರ ಜೊತೆ ಕೂತು ಯಾರಿಗೆ ಯಾವ ಮಾತ್ರೆ, ಎಷ್ಟು ದಿನ ಸಿಗಲಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ. ಒಂದು ಕೇಂದ್ರದ ಫಾರ್ಮಸಿ ಅಧಿಕಾರಿಯೊಬ್ಬರು ನಲವತ್ತು ಪುಟದ ಇಂಥದೇ ಪುಸ್ತಕವೊಂದನ್ನು ತಾವಾಗಿಯೇ ಇಟ್ಟಿದ್ದರು. ಬರಿಗೈಯಲ್ಲಿ ಹೋದ ಪ್ರತಿಯೊಬ್ಬರಿಗೆ ಒಂದೊಂದು ಪೆನ್ಸಿಲ್ ಗೀಟು, ಐದಕ್ಕೊಂದು ಅಡ್ಡ ಗೀಟು. ಅವರು ಅದನ್ನು ಮಾಸಿಕ ಸಭೆಯಲ್ಲಿ ನನ್ನ ಮುಂದಿಟ್ಟಾಗ ಇಂಡೆಂಟ್ ಹೆಚ್ಚಿಸಬಾರದೆಂದು ಹೇಳಲು ನನ್ನ ಬಳಿ ಒಂದು ಮಾತೂ ಇರಲಿಲ್ಲ. ಜಿಲ್ಲೆಗೆ ಕಳಿಸುವ ಪಟ್ಟಿಗೆ ಅದರ ಪ್ರತಿಯನ್ನೇ ಲಗತ್ತಿಸಿದೆ, ಮರುವರ್ಷ ಆ ಕೇಂದ್ರಕ್ಕೆ ಬಂದ ಪೆಟ್ಟಿಗೆಗಳ ಸಂಖ್ಯೆ ಹೆಚ್ಚಿತು.

ಈ ಪಟ್ಟಿಯೊಂದಿಗೆ ಹೋಗಬೇಕಾದ ಜಾಗ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ. ಪ್ರತಿ ಕೇಂದ್ರಕ್ಕೂ ಇಂಥ ಸಮಿತಿ ಇರಬೇಕು, ಪಂಚಾಯತಿಯ ಪ್ರತಿನಿಧಿಗಳೂ ಅದರಲ್ಲಿರುತ್ತಾರೆ, ಅದರ ಕೈಯಲ್ಲಿ ಸ್ವಲ್ಪ ಅನ್‌ಟೈಡ್ ಅನುದಾನವೂ, ಅಂದರೆ ಇಂಥದ್ದಕ್ಕೇ ಎಂದು ಕಟ್ಟುಹಾಕದ ಹಣವೂ ಇರುತ್ತದೆ. ತುರ್ತಾಗಿ ಬೇಕಾದ ಔಷಧವನ್ನು ಸ್ಥಳೀಯವಾಗಿ ಕೊಳ್ಳಲು ಸಮಿತಿ ನಿರ್ಣಯ ಮಾಡಬಹುದು. ಆ ಹಣ ಇಡೀ ವರ್ಷದ ಕೊರತೆ ತುಂಬುವಷ್ಟಿಲ್ಲ, ಒಂದೆರಡು ತಿಂಗಳು ದಾಟಲು ಸಾಕಾಗುತ್ತದೆ. ಸಮಿತಿಯ ಸಭೆಯೇ ನಡೆಯುವುದಿಲ್ಲ ಎಂದಾದರೆ ಗ್ರಾಮಸಭೆಯಲ್ಲಿ ಕೇಳಿ ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಬೀಗ ಹಾಕಲು ಮುಂದಾಗಿರುವವರ ಉತ್ಸಾಹ ನಿಜವಾಗಿ ಬೇಕಾಗಿರುವುದು ಅಲ್ಲಿ.

ಇಷ್ಟಕ್ಕೂ ಆಗದಿದ್ದರೆ ವೈದ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ತಾಲ್ಲೂಕು ಆರೋಗ್ಯಾಧಿಕಾರಿಗೆ ಪ್ರತಿ ಕಳಿಸಿ, ಎರಡಕ್ಕೂ ಸ್ವೀಕೃತಿ ಪಡೆಯಿರಿ. 104 ಆರೋಗ್ಯವಾಣಿಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಕೊನೆಯದಾಗಿ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಉತ್ತರಕ್ಕೆ 30 ದಿನಗಳ ಗಡುವಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಆದ್ದರಿಂದ ‘ಕಳೆದ ಎರಡು ವರ್ಷಗಳಲ್ಲಿ ಆಮ್ಲೋಡಿಪಿನ್ ಮತ್ತು ಮೆಟ್‌ಫಾರ್ಮಿನ್‌ಗೆ ಕೇಂದ್ರ ಸಲ್ಲಿಸಿದ ಬೇಡಿಕೆ ಎಷ್ಟು, ಬಂದದ್ದು ಎಷ್ಟು, ತಿಂಗಳವಾರು ದಾಸ್ತಾನು ಎಷ್ಟು’ ಎಂದಷ್ಟೇ ಕೇಳಿ. ಉತ್ತರ ಓದಿದರೆ ತಪ್ಪು ಎಲ್ಲಿ ಎಂದು ತಿಳಿಯುತ್ತದೆ. ಬೇಡಿಕೆಯೇ ಕಡಿಮೆಯಿದ್ದರೆ ನಿಮ್ಮ ಕೇಂದ್ರದಲ್ಲಿ, ಬೇಡಿಕೆ ಸರಿಯಿದ್ದು ಸರಬರಾಜು ಕಡಿಮೆಯಿದ್ದರೆ ಮೇಲೆ. ಎರಡೂ ಸರಿಯಿದ್ದು ಕಿಟಕಿಯಲ್ಲಿ ಮಾತ್ರೆ ಇಲ್ಲವೆಂದರೆ ಊರಿನವರ ಅನುಮಾನಕ್ಕೆ ಆಗ ಆಧಾರ ಸಿಕ್ಕಿತು ಎನ್ನಬಹುದು, ತನಿಖೆಗೆ ಒತ್ತಾಯಿಸಬಹುದು. ಈ ದಾರಿಯಲ್ಲೂ ಒಂದು ಅಪಾಯವಿದೆ. ಮೊದಲೇ ಕೆಲಸದ ಹೊರೆಯಿರುವ ಸಿಬ್ಬಂದಿ ಇದನ್ನು ತಮ್ಮ ಮೇಲಿನ ದಾಳಿ ಎಂದು ಭಾವಿಸಿ ಮುನಿಸಿಕೊಳ್ಳಬಹುದು, ನಾಳೆ ಅದೇ ಕಿಟಕಿಯ ಮುಂದೆ ನಿಲ್ಲುವವರು ನಿಮ್ಮ ತಂದೆ. ಹಾಗಾಗಿ ಅರ್ಜಿ ಹಾಕುವ ಮುನ್ನ ವೈದ್ಯರ ಬಳಿ ಹೋಗಿ, ‘ನಿಮ್ಮ ಇಂಡೆಂಟ್‌ಗೆ ಬಲ ಬರಲೆಂದು ಕೇಳುತ್ತಿದ್ದೇವೆ’ ಎಂದು ತಿಳಿಸಿ. ಮೇಲಿನವರಿಗೆ ತಾವು ಹೇಳಲಾಗದ್ದನ್ನು ಊರಿನವರು ಹೇಳಿದರೆ ಒಳಗೊಳಗೇ ಸಮಾಧಾನಪಡುವ ವೈದ್ಯರೇ ಹೆಚ್ಚು.

ತಂದೆಯವರ ಬಗ್ಗೆ ಇನ್ನೊಂದು ಮಾತು. ಬಿಪಿ ಮತ್ತು ಸಕ್ಕರೆ ಎರಡೂ ಇರುವವರಿಗೆ ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಕಣ್ಣಿನ ಒಳಪದರದ ಪರೀಕ್ಷೆ ಆಗಬೇಕು. ಇವು ನಿಮ್ಮ ಕೇಂದ್ರದಲ್ಲಿ ಆಗದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ರೆಫರಲ್ ಚೀಟಿ ಕೇಳಿ ಪಡೆಯಿರಿ. ಪಾದಗಳನ್ನು ಪ್ರತಿ ಸಂಜೆ ನೀವೇ ನೋಡಿ; ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಗ್ಗಬಹುದಾದ್ದರಿಂದ ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಮುಳ್ಳು ಚುಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಿರುವುದಿಲ್ಲ. ಮತ್ತೆ, ಮುಂದಿನ ವಾರ್ಷಿಕ ಇಂಡೆಂಟ್ ಯಾವಾಗ ಹೋಗುತ್ತದೆಂದು ಫಾರ್ಮಸಿ ಅಧಿಕಾರಿಯನ್ನು ಈ ವಾರವೇ ವಿಚಾರಿಸಿ, ಆ ದಿನಕ್ಕೆ ಮುಂಚೆ ನಿಮ್ಮ ನೋಟ್‌ಬುಕ್ಕಿನ ಪಟ್ಟಿ ಅವರ ಕೈಸೇರಲಿ.